ಬೆಕ್ಕಿನ ಮರಿ ಬಿಟ್ಟು ಬಂದರೆ ಪಾಪ ಇಲ್ಲವೇ?

(9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ)

 

ಬೆಕ್ಕು ಕೊಂದರೆ ಮಹಾಪಾಪ ಎಂದು ನಮ್ಮ ಹಳ್ಳಿಗಳಲ್ಲಿ ಹೇಳದವರಿಲ್ಲ. ಆ ಪಾಪ ಕಳೆಯಬೇಕಾದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕಂತೆ. ಈಗ ಬಂಗಾರದ ರೇಟು ಇರುವುದು ನೋಡಿದರೆ ಒಂದು ಸಣ್ಣ ಮರಿಬೆಕ್ಕು ಮಾಡಿಸಲಿಕ್ಕೂ ಅಡಿಕೆ ತೋಟ ಮಾರಬೇಕಾದೀತು! ಅದಕ್ಕೇ ಇರಬೇಕು, ಬೆಕ್ಕನ್ನು ಯಾರೂ ಕೈಯಾರೆ ಕೊಲ್ಲುವುದಿಲ್ಲ. ಬದಲಿಗೆ ಏನು ಮಾಡುತ್ತಾರೆ? ಮರಿಗಳನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಸೈಕಲ್ಲಿನ ಹಿಂದೆಯೋ ಬೈಕಿನ ಮುಂದೆಯೋ ಇಟ್ಟುಕೊಂಡು ಊರಾಚೆ ಬಿಟ್ಟು ಬರುತ್ತಾರೆ. ವಾಪಸ್ ಬರೋ ದಾರಿ ಗೊತ್ತಾಗಬಾರದು ಅಂತ ಚೀಲವನ್ನು ಮೂರು ಸುತ್ತು ತಿರುಗಿಸಿ ಬಿಡುವವರೂ ಇದ್ದಾರೆ. ಆಮೇಲೆ ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂರುತ್ತಾರೆ. ಕೇಳಿದರೆ, "ಕೊಂದಿಲ್ಲಪ್ಪ, ಬಿಟ್ಟು ಬಂದೆ ಅಷ್ಟೇ, ಹೆಂಗೋ ಬದುಕ್ಕೋತಾವೆ" ಅನ್ನುತ್ತಾರೆ.

ಹೆಂಗೆ ಬದುಕ್ಕೋತಾವೆ ಅಂತ ಮಾರನೇ ದಿನ ಹೋಗಿ ನೋಡಿದವರನ್ನು ನಾನಂತೂ ಕಂಡಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಹೀಗೆ ಬಿಟ್ಟು ಬರುವುದಕ್ಕೂ ಕೊಲ್ಲುವುದಕ್ಕೂ ಹೆಚ್ಚು ದೂರವಿಲ್ಲ. ಅದೂ ಅಲ್ಲದೆ, ಇದರಿಂದ ಊರಿನ ಬೆಕ್ಕುಗಳು ಕಡಿಮೆ ಆಗುವುದೂ ಇಲ್ಲ. ನಿಜವಾಗಿ ಕಡಿಮೆ ಆಗಬೇಕು ಎಂದಿದ್ದರೆ ಬೆಕ್ಕುಗಳಿಗೆ, ಮೊದಲಾಗಿ ಹೆಣ್ಣುಬೆಕ್ಕುಗಳಿಗೆ, ಸಂತಾನಹರಣ ಆಪರೇಷನ್ ಮಾಡಿಸಬೇಕು. ಈಗಾಗಲೇ ಹುಟ್ಟಿರುವ ಮರಿಗಳಿಗೆ ಮನೆ ಹುಡುಕಬೇಕು. "ಬೆಕ್ಕಿಗೆ ಆಪರೇಷನ್ನಾ?" ಎಂದು ಈಗಲೇ ನಗಬೇಡಿ, ಪೂರ್ತಿ ಓದಿ ನಗಿ.

ಮೊದಲು ಒಂದು ವಿಷಯ ಗಮನಿಸಿ. ಚೀಲಕ್ಕೆ ಹೋಗುವ ಮರಿಗಳು ಯಾವುವು? ಮನೆಯಲ್ಲಿ ನಾಲ್ಕು ಮರಿ ಹುಟ್ಟಿದರೆ ಗಂಡುಮರಿಯನ್ನು ಯಾರಾದರೂ ಕೇಳಿಕೊಂಡು ಬರುತ್ತಾರೆ. "ಗಂಡಿದ್ರೆ ಕೊಡ್ರಿ, ಹೆಣ್ಣಾದ್ರೆ ಬ್ಯಾಡ" ಎಂದು ಬಾಗಿಲಲ್ಲೇ ನಿಂತು ಹೇಳುತ್ತಾರೆ. ಹೆಣ್ಣುಮರಿ ಬೇಡ, ಯಾಕೆಂದರೆ ಅದು ಮುಂದೆ ಮರಿ ಹಾಕುತ್ತದೆ. (ಈ ಮಾತು ಬೆಕ್ಕಿನ ವಿಷಯದಲ್ಲಿ ಮಾತ್ರ ಕೇಳಿದ್ದಲ್ಲ ಎಂದು ನಮ್ಮ ಕ್ಲಾಸಿನ ಹುಡುಗಿಯರಿಗೆ ಗೊತ್ತು. ಅದನ್ನು ಇನ್ನೊಂದು ಸಂಚಿಕೆಗೆ ಬರೆಯುತ್ತೇನೆ.) ಮೈಮೇಲೆ ಬಿಳಿ, ಕಪ್ಪು, ಕೆಂಚು ಮೂರೂ ಬಣ್ಣ ಇರುವ ಮರಿಯಾದರೆ ಬಾಲ ಎತ್ತಿ ನೋಡುವುದೂ ಬೇಕಿಲ್ಲ, ಅದು ಹೆಣ್ಣೇ ಎಂದು ಹಿರಿಯರು ಹೇಳುತ್ತಾರೆ. ಇದು ಹೆಚ್ಚುಕಡಿಮೆ ಸರಿಯಾದ ಮಾತು. ಬೆಕ್ಕಿನ ಕೆಂಚು ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದು. ಒಂದು ಎಕ್ಸ್‌ನಲ್ಲಿ ಕೆಂಚು, ಇನ್ನೊಂದರಲ್ಲಿ ಕಪ್ಪು ಇದ್ದರೆ ಮೈಮೇಲೆ ಎರಡೂ ಬಣ್ಣದ ಮಚ್ಚೆ ಬರುತ್ತವೆ. ಬಿಳಿ ಬೇರೆ ಜೀನಿನಿಂದ ಬರುತ್ತದೆ. ಹತ್ತನೇ ತರಗತಿಯ ಅಕ್ಕ ಅಣ್ಣಂದಿರಿಗೆ ಅನುವಂಶೀಯತೆ ಪಾಠ ಇದೆಯಲ್ಲ, ಅವರು ಬೇಕಾದರೆ ವಿವರಿಸಲಿ. ಮೂರು ಬಣ್ಣದ ಗಂಡುಬೆಕ್ಕು ಹುಟ್ಟುವುದು ಬಹಳ ಅಪರೂಪ, ಹುಟ್ಟಿದರೂ ಅದಕ್ಕೆ ಸಾಮಾನ್ಯವಾಗಿ ಮರಿ ಆಗುವುದಿಲ್ಲ.

ಅಂದರೆ ನಾವು ಆರಿಸಿ ಆರಿಸಿ ಹೆಣ್ಣುಮರಿಗಳನ್ನೇ ಪಕ್ಕದ ಊರಿನ ಹತ್ತಿರ ಬಿಡುತ್ತೇವೆ. ಪಕ್ಕದ ಊರಿನವರೇನು ದಡ್ಡರೇ? ಅವರೂ ಆರಿಸಿ ಹೆಣ್ಣುಮರಿಗಳನ್ನೇ ತಂದು ನಮ್ಮ ಕಡೆ ಬಿಡುತ್ತಾರೆ. ಬಿಟ್ಟಿದ್ದರಲ್ಲಿ ಹತ್ತಕ್ಕೆ ಒಂದು ಬದುಕಿದರೂ ಸಾಕು. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು. ಗರ್ಭ ಸುಮಾರು ಒಂಬತ್ತು ವಾರ, ಅಂದರೆ ಎರಡು ತಿಂಗಳ ಮೇಲೆ ಸ್ವಲ್ಪ. ಒಂದು ಸಲಕ್ಕೆ ಮೂರರಿಂದ ಐದು ಮರಿ. ಹಾಲು ಕುಡಿಸುತ್ತಿರುವಾಗಲೇ ಮತ್ತೆ ಗಬ್ಬ ನಿಲ್ಲುವುದೂ ಉಂಟು. ಆರು ತಿಂಗಳ ಹಿಂದೆ ಮರಿಯಾಗಿದ್ದದ್ದೇ ಈಗ ತಾಯಿ! ನಾವು ಅವರೂರಿಗೆ ಕಳಿಸಿದೆವು, ಅವರು ನಮ್ಮೂರಿಗೆ ಕಳಿಸಿದರು, ಲೆಕ್ಕ ಸರಿಹೋಯಿತು. ನಡುವೆ ಸತ್ತವು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ.

ಸಾಯುವುದು ಹೇಗೆ ಎನ್ನುವುದನ್ನೂ ಬರೆಯಬೇಕು, ಇಲ್ಲದಿದ್ದರೆ "ಹೆಂಗೋ ಬದುಕ್ಕೋತಾವೆ" ಎಂಬ ಮಾತು ಹಾಗೇ ಉಳಿಯುತ್ತದೆ. ಹುಟ್ಟಿದ ಮರಿ ಕಣ್ಣು ಬಿಡುವುದೇ ಒಂದು ವಾರ, ಹತ್ತು ದಿನಕ್ಕೆ. ನಾಲ್ಕನೇ ವಾರದವರೆಗೆ ತಾಯಿಹಾಲು ಬಿಟ್ಟರೆ ಬೇರೆ ಏನೂ ಗೊತ್ತಿಲ್ಲ. ಮೈ ಬಿಸಿ ಇಟ್ಟುಕೊಳ್ಳಲಿಕ್ಕೂ ತಾಯಿಯ ಹೊಟ್ಟೆ ಬೇಕು. ಬೇಟೆ ಆಡುವುದನ್ನು ಹುಟ್ಟುತ್ತಲೇ ಕಲಿತು ಬಂದಿರುವುದಿಲ್ಲ. ತಾಯಿ ಅರೆಜೀವದ ಇಲಿ ತಂದು ಮುಂದೆ ಹಾಕಿ ಕಲಿಸುತ್ತದೆ. ಇಂಥ ಮರಿಯನ್ನು ಮಳೆಗಾಲದ ರಾತ್ರಿ ಗದ್ದೆ ಬದುವಿನ ಮೇಲೆ ಬಿಟ್ಟರೆ ನಾಯಿ, ನರಿ, ಚಳಿ, ಹಸಿವು ಇವುಗಳಲ್ಲಿ ಯಾವುದು ಮೊದಲು ಸಿಗುತ್ತದೋ ಅದು. ಅಮೆರಿಕದಲ್ಲಿ ಮನೆಯಿಲ್ಲದ ಬೆಕ್ಕುಗಳ ಮರಿಗಳನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನೂರಕ್ಕೆ 75 ಮರಿಗಳು ಆರು ತಿಂಗಳು ತುಂಬುವ ಮೊದಲೇ ಸತ್ತಿದ್ದವು ಇಲ್ಲವೇ ಕಾಣೆಯಾಗಿದ್ದವು. ಅವು ತಾಯಿಯ ಜೊತೆ ಇದ್ದ ಮರಿಗಳು. ಚೀಲದಿಂದ ಬಿದ್ದವಲ್ಲ.

ಇನ್ನು ಕಾನೂನು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆಯುವುದು ಬಡಿಯುವುದು ಮಾತ್ರ ಅಪರಾಧ ಅಲ್ಲ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಸರಿಯಾದ ಕಾರಣವಿಲ್ಲದೆ ತೊರೆದು ಬರುವುದೂ ಅಪರಾಧವೇ. ಬಂಗಾರದ ಬೆಕ್ಕಿನ ಕಥೆ ಕಟ್ಟಿದವರು ಇದನ್ನು ಸೇರಿಸಲು ಮರೆತರು, ಕಾಯ್ದೆ ಬರೆದವರು ಮರೆಯಲಿಲ್ಲ.

ಕೆಲವರು ಕೇಳಬಹುದು, ಇಷ್ಟೆಲ್ಲ ರಗಳೆ ಎಂತಕ್ಕೆ, ಬೆಕ್ಕೇ ಇಲ್ಲದಿದ್ದರೆ ಆಗದೇ? ಆಗುವುದಿಲ್ಲ. ಭತ್ತ ಬೆಳೆಯುವ ಊರು ನಮ್ಮದು. ಒಕ್ಕಲಾಗಿ ಚೀಲ ಮನೆಗೆ ಬಂದ ಮೇಲೆ ಅಟ್ಟದ ಮೇಲೆ ರಾತ್ರಿಯೆಲ್ಲ ಓಡುವವರು ಯಾರು ಎಂದು ಎಲ್ಲರಿಗೂ ಗೊತ್ತು. ಬೆಕ್ಕು ಇರುವ ಮನೆಯಲ್ಲಿ ಆ ಓಟ ಕಡಿಮೆ. ಇಲಿಪಾಷಾಣ ಇಟ್ಟರೆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಎಂಬ ಹೆದರಿಕೆ ಬೇರೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಬೆಕ್ಕಳಲೆ ಎಂಬ ಊರಿದೆ. ಊರ ಹೆಸರಲ್ಲೇ ಬೆಕ್ಕಿದೆ. ಅಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪ ಎಂದು ಪೂಜಿಸುತ್ತಾರೆ, ಗುಡಿಯೂ ಇದೆ. ನಾವು ಗುಡಿ ಕಟ್ಟುವುದು ಬೇಡ. ಆದರೆ ಅದೇ ಕರ್ನಾಟಕದಲ್ಲಿ ಒಂದೂರಲ್ಲಿ ದೇವರು, ಇನ್ನೊಂದೂರಲ್ಲಿ ಗೋಣಿಚೀಲ ಅಂದರೆ ಯೋಚಿಸುವಂಥದ್ದೇ.

ಹಾಗಂತ ಎಷ್ಟು ಬೇಕಾದರೂ ಹುಟ್ಟಲಿ, ತಿರುಗಿಕೊಂಡಿರಲಿ ಎನ್ನುವವರ ಪಕ್ಷವೂ ನನ್ನದಲ್ಲ. ಹೊಟ್ಟೆಗಿಲ್ಲದ ಬೆಕ್ಕು ಇಲಿಯನ್ನಷ್ಟೇ ಹುಡುಕುವುದಿಲ್ಲ. ಓತಿಕ್ಯಾತ, ಅಳಿಲು, ಗುಬ್ಬಿ, ನೆಲದ ಹತ್ತಿರ ಗೂಡು ಕಟ್ಟುವ ಹಕ್ಕಿ ಎಲ್ಲವೂ ಅದಕ್ಕೆ ಊಟವೇ. ಭೂಪಟದಲ್ಲಿ ಆಫ್ರಿಕಾದ ಕೆಳಗೆ, ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಮೇರಿಯನ್ ಎಂಬ ಚುಕ್ಕೆಯಷ್ಟು ದ್ವೀಪವಿದೆ. ದಕ್ಷಿಣ ಆಫ್ರಿಕಾದವರು ಅಲ್ಲಿನ ಹವಾಮಾನ ಕೇಂದ್ರದಲ್ಲಿ ಇಲಿಕಾಟ ಎಂದು 1949ರಲ್ಲಿ ಐದು ಬೆಕ್ಕು ಒಯ್ದರು. 1977ರ ಹೊತ್ತಿಗೆ ಅವು ಸುಮಾರು 3400 ಆಗಿದ್ದವು. ವರ್ಷಕ್ಕೆ ಸುಮಾರು ನಾಲ್ಕೂವರೆ ಲಕ್ಷ ಕಡಲಹಕ್ಕಿಗಳನ್ನು ತಿನ್ನುತ್ತಿದ್ದವೆಂದು ಅಂದಾಜು ಮಾಡಿದರು. ಕೊನೆಗೆ ರೋಗ ಹರಡಿಸಿ, ಗುಂಡು ಹೊಡೆದು, ಬೋನು ಇಟ್ಟು 1991ರ ಹೊತ್ತಿಗೆ ಎಲ್ಲವನ್ನೂ ಮುಗಿಸಿದರು. ಐದು ಬೆಕ್ಕು ಒಯ್ಯುವ ಮೊದಲು ಅವಕ್ಕೆ ಆಪರೇಷನ್ ಮಾಡಿಸಿದ್ದರೆ ಹಕ್ಕಿಯೂ ಉಳಿಯುತ್ತಿತ್ತು, ಸಾವಿರಾರು ಬೆಕ್ಕು ಹಾಗೆ ಸಾಯುವುದೂ ತಪ್ಪುತ್ತಿತ್ತು. ನಮ್ಮ ಸೊರಬ ತಾಲ್ಲೂಕಿನಲ್ಲೇ ಗುಡವಿ ಪಕ್ಷಿಧಾಮ ಇದೆ, ಮಳೆಗಾಲದಲ್ಲಿ ಕೆರೆಯ ಮರಗಳ ತುಂಬ ಹಕ್ಕಿ ಗೂಡು ಕಟ್ಟುತ್ತವೆ. ಕಾಡಂಚು, ಕೆರೆಯಂಚು ಎಂದು ಕಂಡಲ್ಲಿ ಬೆಕ್ಕು ಬಿಡುವವರು ಅದನ್ನೂ ನೆನಪಿಟ್ಟುಕೊಳ್ಳಬೇಕು.

ಈಗ ಆಪರೇಷನ್ ವಿಷಯ. ಇದರಲ್ಲಿ ಭಯಂಕರವಾದದ್ದು ಏನೂ ಇಲ್ಲ. ಪಶುವೈದ್ಯರು ಅರಿವಳಿಕೆ ಕೊಟ್ಟು, ಹೆಣ್ಣಿಗೆ ಅಂಡಾಶಯ, ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆದು ಹೊಲಿಗೆ ಹಾಕುತ್ತಾರೆ. ಗಂಡಿಗೆ ಇನ್ನೂ ಸಣ್ಣ ಕೆಲಸ, ವೃಷಣ ತೆಗೆಯುವುದು. ಐದು ತಿಂಗಳು ತುಂಬುವ ಹೊತ್ತಿಗೆ ಮಾಡಿಸಿದರೆ ಒಂದು ಸಲವೂ ಮರಿ ಹಾಕುವುದಿಲ್ಲ. ಆಪರೇಷನ್ ಆದ ಮೇಲೆ ಹೆಣ್ಣು ಬೆದೆಗೆ ಬಂದು ರಾತ್ರಿಯಿಡೀ ಕೂಗುವುದು ನಿಲ್ಲುತ್ತದೆ. ಗಂಡುಬೆಕ್ಕು ಗೋಡೆ, ಬಟ್ಟೆ ಕಂಡಲ್ಲೆಲ್ಲ ನಾತ ಹೊಡೆಯುವ ಮೂತ್ರ ಸಿಡಿಸುವುದು, ಹೆಂಚಿನ ಮೇಲೆ ಜಗಳ ಆಡಿ ಕಿವಿ ಹರಿದುಕೊಂಡು ಬರುವುದು ಬಹಳ ಕಡಿಮೆ ಆಗುತ್ತದೆ. ಹೆಂಚು ಒಡೆಯುವುದೂ ಕಡಿಮೆ ಆದೀತು. ಇದೊಂದೇ ಕಾರಣಕ್ಕೆ ನಮ್ಮ ಮನೆಯಲ್ಲಿ ಒಪ್ಪಿದ್ದಾರೆ!

ಇದಕ್ಕೆ ಬರುವ ಮೊದಲ ಆಕ್ಷೇಪಣೆ: "ದೇವರು ಕೊಟ್ಟ ಸಂತಾನ ತಡೆಯೋದು ಪಾಪ." ನಮ್ಮೂರಿನಲ್ಲಿ ಹಬ್ಬದ ಹೋರಿ ಬಿಟ್ಟರೆ ಉಳುವ ಎತ್ತುಗಳಲ್ಲಿ ಬೀಜ ಒಡೆಸದ ಎತ್ತು ಎಲ್ಲಿದೆ? ಅದು ತಲೆತಲಾಂತರದಿಂದ ನಡೆದು ಬಂದಿದೆ, ಯಾರೂ ಪಾಪ ಅನ್ನಲಿಲ್ಲ. ಅದೂ ಹಿಂದಿನ ಕಾಲದಲ್ಲಿ ಅರಿವಳಿಕೆಯೇ ಇಲ್ಲದೆ. ಮನುಷ್ಯರ ವಿಷಯಕ್ಕೆ ಬಂದರೆ, ಎರಡು ಮಕ್ಕಳಾದ ಮೇಲೆ ನಮ್ಮ ಅಮ್ಮಂದಿರು, ಚಿಕ್ಕಮ್ಮಂದಿರು ಆಪರೇಷನ್ ಮಾಡಿಸಿಕೊಂಡೇ ಇದ್ದಾರೆ. ಅಮ್ಮನಿಗೆ ಆಗಬಹುದು, ಬೆಕ್ಕಿಗೆ ಆಗಬಾರದು ಎಂದರೆ ಏನು ನ್ಯಾಯ?

ಎರಡನೇ ಆಕ್ಷೇಪಣೆ: "ಆಪರೇಷನ್ ಮಾಡಿದ್ರೆ ಬೆಕ್ಕು ಸೋಮಾರಿಯಾಗಿ ಇಲಿ ಹಿಡಿಯಲ್ಲ." ಬೆಕ್ಕು ಇಲಿ ಹಿಡಿಯುವುದಕ್ಕೂ ಮರಿ ಹಾಕುವುದಕ್ಕೂ ಸಂಬಂಧವಿಲ್ಲ. ಹೊಟ್ಟೆ ತುಂಬಿದ ಬೆಕ್ಕೂ ಇಲಿ ಓಡಿದರೆ ಹಿಂದೆ ಓಡುತ್ತದೆ, ಅದು ಅದರ ಸ್ವಭಾವ. ಮೈ ಸ್ವಲ್ಪ ಬರುತ್ತದೆ ಅನ್ನುವುದು ನಿಜ, ಊಟ ಅಳತೆಯಲ್ಲಿ ಹಾಕಿದರೆ ಆಯಿತು.

ಮೂರನೆಯದು ನಿಜವಾದ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಖರ್ಚು ಮತ್ತು ದೂರ. ಹಳ್ಳಿಯ ಪಶು ಆಸ್ಪತ್ರೆಗಳಲ್ಲಿ ದನ ಎಮ್ಮೆಗಳ ಕೆಲಸವೇ ಮುಗಿಯುವುದಿಲ್ಲ. ಎಲ್ಲ ಕಡೆಯೂ ಬೆಕ್ಕಿನ ಆಪರೇಷನ್ ಮಾಡುತ್ತಾರೆಂದು ಹೇಳಲಾಗದು, ಮೊದಲೇ ಹೋಗಿ ವಿಚಾರಿಸಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಒಂದೊಂದೇ ಬೆಕ್ಕು ಹಿಡಿದುಕೊಂಡು ಒಬ್ಬೊಬ್ಬರೇ ಅಷ್ಟು ದೂರ ಹೋಗುವುದು ಆಗದ ಮಾತು. ಆದರೆ ಒಂದು ಊರಿನವರು ಒಟ್ಟಾಗಿ, "ನಮ್ಮಲ್ಲಿ ಹದಿನೈದು ಇಪ್ಪತ್ತು ಬೆಕ್ಕುಗಳಿವೆ, ಒಂದು ದಿನ ಶಿಬಿರ ಮಾಡಿಕೊಡಿ" ಎಂದು ಗ್ರಾಮ ಪಂಚಾಯಿತಿಯ ಮೂಲಕ ಪತ್ರ ಬರೆದು ಕೇಳಬಹುದಲ್ಲ? ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಊರಿಗೇ ಬರುವುದನ್ನು ನೋಡಿದ್ದೇವೆ. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ನಮ್ಮ ದೇಶದಲ್ಲಿ 2001ರಲ್ಲೇ ನಿಯಮ ಬಂತು, 2023ರಲ್ಲಿ ಹೊಸ ನಿಯಮ ಬಂತು. ಹಿಡಿದು, ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದಲ್ಲಿಗೇ ಬಿಡುವ ಪದ್ಧತಿ ಅದು. ನಾಯಿ ಕಚ್ಚುತ್ತದೆ, ಆದ್ದರಿಂದ ಸುದ್ದಿಯಾಗುತ್ತದೆ. ಬೆಕ್ಕು ಸುಮ್ಮನೆ ಹೋಗಿ ಮೂಲೆಯಲ್ಲಿ ಸಾಯುತ್ತದೆ, ಅದನ್ನು ಕೇಳುವವರಿಲ್ಲ.

ಹಿಡಿದಲ್ಲಿಗೇ ಬಿಡುವುದು ಯಾಕೆ ಎಂಬುದು ಬಹಳ ಜನಕ್ಕೆ ಅರ್ಥವಾಗುವುದಿಲ್ಲ. ಒಂದು ಜಾಗದಲ್ಲಿ ಊಟ, ಅಡಗಲು ಮೂಲೆ ಎರಡೂ ಇದ್ದರೆ ಅಲ್ಲಿಗೆ ಬೆಕ್ಕು ಬಂದೇ ಬರುತ್ತದೆ. ಇದ್ದದ್ದನ್ನು ಓಡಿಸಿದರೆ ಆ ಜಾಗಕ್ಕೆ ಇನ್ನೊಂದು ಬಂದು ಮರಿ ಹಾಕುತ್ತದೆ. ಅದೇ ಮರಿ ಹಾಕದ ಬೆಕ್ಕು ಅಲ್ಲಿ ಇದ್ದರೆ, ಹೊಸದಕ್ಕೆ ಜಾಗ ಸುಲಭವಾಗಿ ಬಿಡುವುದಿಲ್ಲ. ಇಟಲಿ ದೇಶದಲ್ಲಿ 1991ರಲ್ಲಿ 281ನೇ ಸಂಖ್ಯೆಯ ಕಾನೂನು ಮಾಡಿ, ಬೀದಿಬೆಕ್ಕುಗಳನ್ನು ಹಿಂಸಿಸಬಾರದು, ಆಪರೇಷನ್ ಮಾಡಿ ಅವು ಇದ್ದ ಗುಂಪಿಗೇ ವಾಪಸ್ ಬಿಡಬೇಕು ಎಂದರು. ರೋಮ್ ನಗರದಲ್ಲಿ ಜೂಲಿಯಸ್ ಸೀಸರ್ ಕೊಲೆಯಾದ ಜಾಗದ ಹಾಳು ಕಟ್ಟಡಗಳ ನಡುವೆ ಇಂಥ ಬೆಕ್ಕುಗಳ ಒಂದು ಆಶ್ರಯವೇ ಇದೆ. ಆಪರೇಷನ್ ಆದ ಬೆಕ್ಕು ಯಾವುದು ಎಂದು ದೂರದಿಂದಲೇ ಗೊತ್ತಾಗಲಿ ಎಂದು, ಅರಿವಳಿಕೆಯಲ್ಲಿ ಇರುವಾಗಲೇ ಒಂದು ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುವ ರೂಢಿ ಅನೇಕ ದೇಶಗಳಲ್ಲಿದೆ. ಕಿವಿ ಮೊಂಡಾದ ಬೆಕ್ಕು ಕಂಡರೆ ಅಯ್ಯೋ ಅನ್ನಬೇಕಾಗಿಲ್ಲ. ಅದನ್ನು ಮತ್ತೆ ಹಿಡಿಯುವುದು ಬೇಡ ಎಂದು ಅರ್ಥ.

ಒಂದೆರಡು ಬೆಕ್ಕಿಗೆ ಮಾಡಿಸಿ ಕೈಬಿಟ್ಟರೆ ಪ್ರಯೋಜನ ಇಲ್ಲ. ಹತ್ತಕ್ಕೆ ಏಳಕ್ಕಾದರೂ ಆಗಬೇಕು ಎನ್ನುತ್ತಾರೆ ತಿಳಿದವರು. ಇಡೀ ಊರಿಗೆ ಒಂದೇ ಸಲ ಕಷ್ಟವಾದರೆ ಒಂದು ಕೇರಿಯಿಂದ ಶುರು ಮಾಡಬಹುದು. ಕೇರಿಯೂ ಬೇಡ ಎಂದರೆ ಶಾಲೆಯಿಂದ. ಬಿಸಿಯೂಟದ ಅಡುಗೆ ಕೋಣೆಯ ಹಿಂದೆ ಓಡಾಡುವ ಬೆಕ್ಕುಗಳು ಮೂರು. ಎರಡು ಹೆಣ್ಣು, ಒಂದು ಗಂಡು. ಮೊಟ್ಟೆ ಕೊಡುವ ದಿನ ಅವೂ ಹಾಜರಿ ಹಾಕುತ್ತವೆ, ನಮ್ಮ ಕ್ಲಾಸಿನ ಕೆಲವರಿಗಿಂತ ಅವುಗಳ ಹಾಜರಿ ಚೆನ್ನಾಗಿದೆ. ಮೂರಕ್ಕೂ ಮಾಡಿಸಿದರೆ ಮುಂದಿನ ವರ್ಷ ಅಲ್ಲಿ ಇರುವುದೂ ಮೂರೇ. ಇಕೋ ಕ್ಲಬ್ಬಿನಿಂದ ಈ ಕೆಲಸ ಕೈಗೊಳ್ಳಬೇಕೆಂದು ಗುರುಗಳಲ್ಲಿ ವಿನಂತಿ.

ಮರಿ ಸಾಕುತ್ತೇನೆ ಎನ್ನುವವರಿಗೆ ಕೆಲವು ಮಾತು. ಎಂಟು ವಾರ ತುಂಬದೆ ತಾಯಿಯಿಂದ ಬಿಡಿಸಬೇಡಿ. ಆದರೆ ಎರಡನೇ ವಾರದಿಂದ ಏಳನೇ ವಾರದ ತನಕ ದಿನಾ ಸ್ವಲ್ಪ ಹೊತ್ತು ಕೈಯಲ್ಲಿ ಎತ್ತಿ ಆಡಿಸಿದರೆ ಮಾತ್ರ ಅದು ಮನುಷ್ಯರಿಗೆ ಹೊಂದಿಕೊಳ್ಳುತ್ತದೆ. ಆ ದಿನಗಳು ದಾಟಿದ ಮೇಲೆ ಹಿಡಿದ ಮರಿ ಬುಸುಗುಡುತ್ತಲೇ ಇರುತ್ತದೆ, ಅದನ್ನು ಪಳಗಿಸುವುದು ಕಷ್ಟ. ದೊಡ್ಡದಾಗಿ ಕಾಡುಬಿದ್ದ ಬೆಕ್ಕನ್ನು ಮನೆಯೊಳಗೆ ಕೂಡಿಹಾಕುವುದೂ ಹಿಂಸೆಯೇ. ಅದಕ್ಕೆ ಆಪರೇಷನ್ ಮಾಡಿಸಿ ಅದರ ಜಾಗಕ್ಕೇ ಬಿಡುವುದು ಒಳ್ಳೆಯದು. ಮರಿ ತಂದ ಮೇಲೆ ಎರಡು ವಾರ ಹೊರಗೆ ಬಿಡದೆ ಒಳಗೇ ಇಟ್ಟುಕೊಂಡರೆ ಹೊಸ ಮನೆ ಅದರದ್ದಾಗುತ್ತದೆ. ಬರೀ ಹಾಲು ಹಾಕಿ ಸಾಕುತ್ತೇನೆ ಎನ್ನಬೇಡಿ, ದನದ ಹಾಲಿನಿಂದ ಮರಿಗಳಿಗೆ ಭೇದಿ ಹತ್ತುವುದುಂಟು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿಹೋದದ್ದು ಬಾಯಿ ಸುಟ್ಟುಕೊಂಡಿದ್ದರಿಂದ. ಮೀನು, ಮೊಟ್ಟೆ, ಮಾಂಸದ ಚೂರು ಬೆಕ್ಕಿಗೆ ಬೇಕು. ಮಾಂಸ ಮಾಡದ ಮನೆಯವರು ಇದನ್ನು ಮೊದಲೇ ಯೋಚಿಸಿ. ಜ್ವರ ಬಂದಿದೆ ಎಂದು ನಮ್ಮ ಪ್ಯಾರಾಸಿಟಮಾಲ್ ಗುಳಿಗೆ ಕೊಟ್ಟರೆ ಬೆಕ್ಕು ಸತ್ತೇ ಹೋಗುತ್ತದೆ, ಅದು ಅವಕ್ಕೆ ವಿಷ.

ಗದ್ದೆ ಕೊಯ್ಲಿನಲ್ಲೋ ಕಬ್ಬಿನ ಹೊಲದಲ್ಲೋ ಮರಿ ಸಿಕ್ಕಿದರೆ ತಕ್ಷಣ ಎತ್ತಿಕೊಂಡು ಬರಬೇಡಿ. ಅದು ನಿಜವಾದ ಕಾಡುಬೆಕ್ಕಿನ ಮರಿ ಇರಬಹುದು. ಕಾಡುಬೆಕ್ಕಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಮರಿ ಇದ್ದಲ್ಲೇ ಬಿಟ್ಟು ಎಲ್ಲರೂ ದೂರ ಸರಿದರೆ ತಾಯಿ ಬಂದು ಒಯ್ಯುತ್ತದೆ.

ಮತ್ತೆ, ಬೆಕ್ಕು ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಮನೆಯಲ್ಲಿ ಬೈತಾರೆ ಅಂತ ಮುಚ್ಚಿಡಬೇಡಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ. ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅರಿಶಿನ ಸುಣ್ಣ ಹಚ್ಚದೆ, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಸಾಕುವ ಬೆಕ್ಕಿಗೂ ಲಸಿಕೆ ಹಾಕಿಸಬೇಕು.

ಅಡುಗೆ ಕೋಣೆಯ ಹಿಂದಿನ ಒಂದು ಹೆಣ್ಣುಬೆಕ್ಕು ಸೌದೆ ರಾಶಿಯ ಸಂದಿಯಲ್ಲಿ ಮೂರು ಮರಿ ಹಾಕಿದೆ. ಈಗ ಅವಕ್ಕೆ ಐದು ವಾರ. ಇನ್ನೂ ಮೂರು ವಾರ ಅಲ್ಲೇ ಇರಲಿ, ದಯವಿಟ್ಟು ಯಾರೂ ಜಾಗ ಬದಲಿಸಬೇಡಿ, ತಾಯಿಗೆ ಗಾಬರಿಯಾದರೆ ಏಳು ಮನೆ ಸುತ್ತಿಸುತ್ತದೆ. ಒಂದು ಕಪ್ಪು ಗಂಡುಮರಿ, ಎರಡು ಮೂರು ಬಣ್ಣದ ಹೆಣ್ಣುಮರಿಗಳು. ಈ ಹಾಳೆಯ ಕೆಳಗೆ ಗೆರೆ ಹಾಕಿದ ಇನ್ನೊಂದು ಹಾಳೆ ಅಂಟಿಸಿದ್ದೇನೆ. ಸಾಕುವವರು ಮನೆಯಲ್ಲಿ ಕೇಳಿಕೊಂಡು ಹೆಸರು, ತರಗತಿ ಬರೆಯಿರಿ, ಪೆನ್ಸಿಲ್ಲನ್ನು ದಾರದಲ್ಲಿ ಕಟ್ಟಿದ್ದೇನೆ. ಕಪ್ಪು ಗಂಡುಮರಿಯನ್ನು ಈಗಾಗಲೇ ಬಾಯಿಮಾತಿನಲ್ಲಿ ನಾಲ್ಕು ಜನ ಕೇಳಿದ್ದಾರೆ. ಹೆಣ್ಣುಮರಿಗಳ ಎದುರಿನ ಜಾಗ ಇನ್ನೂ ಖಾಲಿ ಇದೆ.